ಶಲಾತುರದ ದಾರಿಯಲ್ಲಿ ಒಂದು ಕ್ರಿಯಾಪಾಠ

ದೇಶಾಟನದಿಂದ ಜ್ಞಾನವು ಹೆಚ್ಚುವುದೆಂದು ಹಿರಿಯರು ಹೇಳುವರು. ಆದರೆ ದೇಶವನ್ನು ಕಾಣುವುದಕ್ಕೆ ಕಾಲ್ನಡಿಗೆಯೂ ರೈಲುಬಂಡಿಯೂ ಮಾತ್ರವೇ ಸಾಧನಗಳಲ್ಲ. ಒಂದು ನಾಡಿನ ಜನರು ‘ಬಂದೆನು’, ‘ಕೊಟ್ಟೆನು’, ‘ತಿಂದೆನು’ ಎಂಬ ಮಾತುಗಳನ್ನು ಯಾವ ರೀತಿಯಲ್ಲಿ ಆಡುತ್ತಾರೆಂಬುದನ್ನು ಅರಿತರೆ ಆ ನಾಡಿನ ಹೊಸ್ತಿಲನ್ನು ದಾಟಿದಂತೆಯೇ ಸರಿ. ಸಿಂಧೂನದಿಯ ಆಚೆಗಿರುವ ಪಠಾಣರ ನಾಡಿಗೆ ನಮ್ಮಂಥವರು ಹೋಗಿಬರುವುದು ಈಗ ಸುಲಭವಲ್ಲ. ಆದಕಾರಣ ಭೂಪಟವನ್ನೂ ಪಶ್ತೋ ಭಾಷೆಯ ವ್ಯಾಕರಣವನ್ನೂ ಎದುರಿಗಿಟ್ಟುಕೊಂಡು ಮನೆಯ ಜಗಲಿಯಲ್ಲಿಯೇ ಈ ಯಾತ್ರೆಯನ್ನು ಮಾಡೋಣ. ವಾಚಕರು ಜತೆಗೆ ಬರುವುದಾದರೆ ದಾರಿಯ ಆಯಾಸವು ತಿಳಿಯಲಾರದು.

ಕಾಬೂಲ್ ನದಿಯು ಅಟಕ್ ಎಂಬಲ್ಲಿ ಸಿಂಧುವನ್ನು ಸೇರುತ್ತದೆ. ಈ ಕಾಬೂಲ್ ನದಿಯೇ ವೇದದ ಕುಭಾ. ಅದನ್ನು ಸೇರುವ ಸ್ವಾತ್ ನದಿಯೇ ಸುವಾಸ್ತು. ದಕ್ಷಿಣಕ್ಕೆ ಹರಿಯುವ ಕುರ್ರಮ್ ನದಿಯು ಕ್ರುಮು. ಗೋಮಲ್ ನದಿಯು ಗೋಮತೀ. ಋಗ್ವೇದವನ್ನು ಓದಿದವರಿಗೆ ಈ ಹೆಸರುಗಳಾವುವೂ ಹೊಸವಲ್ಲ. ಅಟಕ್‌ನಿಂದ ಸ್ವಲ್ಪ ಉತ್ತರಕ್ಕೆ, ಸ್ವಾಬಿ ಜಿಲ್ಲೆಯಲ್ಲಿ, ಛೋಟಾ ಲಾಹೋರ್ ಎಂಬ ಊರಿದೆ. ಇದೇ ಪ್ರಾಚೀನವಾದ ಶಲಾತುರವೆಂದು ವಿದ್ವಾಂಸರು ಗುರುತಿಸಿರುತ್ತಾರೆ. ಭಗವಾನ್ ಪಾಣಿನಿಯನ್ನು ‘ಶಾಲಾತುರೀಯ’ ಎಂದು ಕರೆಯುವುದು ಈ ಊರಿನ ಹೆಸರಿನಿಂದಲೇ. ಏಳನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಚೀನೀ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ಇಲ್ಲಿ ಆ ಮಹಾವೈಯಾಕರಣನ ಪ್ರತಿಮೆಯೊಂದಿದ್ದುದನ್ನು ಬರೆದಿಟ್ಟಿದ್ದಾನೆ. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೆಲ್ಲ ಕಟ್ಟಿಕೊಟ್ಟ ಪುರುಷನು ಹುಟ್ಟಿದ ನೆಲದಲ್ಲಿ ಈಗ ಮನೆಮಾತಾಗಿರುವುದು ಪಶ್ತೋ.

ಇಲ್ಲಿ ಸಂಸ್ಕೃತಾಭ್ಯಾಸಿಗಳು ಒಂದು ಎಚ್ಚರಿಕೆಯನ್ನು ವಹಿಸಬೇಕು. ಪಶ್ತೋದಲ್ಲಿ ತಂದೆಗೆ ‘ಪ್ಲಾರ್’, ತಾಯಿಗೆ ‘ಮೋರ್’, ಸಹೋದರನಿಗೆ ‘ವ್ರೋರ್’, ಮಗಳಿಗೆ ‘ಲೂರ್’, ಹತ್ತಕ್ಕೆ ‘ಲಸ್’ ಎನ್ನುತ್ತಾರೆ. ಪಿತೃ, ಮಾತೃ, ಭ್ರಾತೃ, ದುಹಿತೃ, ದಶ ಎಂಬ ಶಬ್ದಗಳು ತಾವಾಗಿಯೇ ನೆನಪಿಗೆ ಬರುತ್ತವೆ. ಮೊದಲಿನ ದಕಾರವು ಲಕಾರವಾಗಿರುವುದನ್ನು ‘ಲೂರ್’, ‘ಲಸ್’ ಎಂಬಲ್ಲಿ ಕಾಣಬಹುದು. ಇದನ್ನು ನೋಡಿ, ಪಶ್ತೋ ಸಂಸ್ಕೃತದ ಮಗಳೆಂದೋ ಕೆಟ್ಟುಹೋದ ಸಂಸ್ಕೃತವೆಂದೋ ಹೇಳಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಅದು ಸತ್ಯವಲ್ಲ. ಜರ್ಮನ್ ಪಂಡಿತನಾದ ಟ್ರಂಪ್ 1873ರಲ್ಲಿ, ಇದು ಇರಾನೀ ಭಾಷೆಗಳಿಗೂ ಭಾರತೀಯ ಭಾಷೆಗಳಿಗೂ ನಡುವೆ ನಿಂತ ಭಾಷೆಯೆಂದು ವಾದಿಸಿದನು. 1888ರಿಂದ 1890ರ ವರೆಗೆ ಅಫಘಾನರ ಜನಪದ ಗೀತೆಗಳನ್ನು ಪ್ರಕಟಿಸಿದ ಫ್ರೆಂಚ್ ಪಂಡಿತನಾದ ಡಾರ್ಮೆಸ್ಟೆಟರನು, ಇದು ಇರಾನೀ ಮನೆತನದ್ದೆಂದು ತೋರಿಸಿಕೊಟ್ಟನು. ಇಂದು ವಿದ್ವಾಂಸರು ಒಪ್ಪಿರುವುದು ಎರಡನೆಯ ಮತವನ್ನೇ. ಪಶ್ತೋ ಪೂರ್ವ ಇರಾನೀ ಶಾಖೆಗೆ ಸೇರಿದೆ. ಆದುದರಿಂದ ಅದು ಸಂಸ್ಕೃತಕ್ಕೆ ಮಗಳಲ್ಲ, ದಾಯಾದಿ. ದಾಯಾದಿಯ ಮನೆಗೆ ಹೋದಾಗ ಯಜಮಾನಿಕೆಯನ್ನು ತೋರಿಸದೆ ಅತಿಥಿಯಂತೆ ನಡೆದುಕೊಳ್ಳುವುದೇ ಲೇಸು.

ಮುಂದೆ ಮರ್ದಾನ್ ಪ್ರಾಂತದಲ್ಲಿ ಶಹಬಾಜ಼್‌ಗಢಿಯ ಬಂಡೆಗಳಿವೆ. ಅಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠೀ ಲಿಪಿಯಲ್ಲಿವೆ. ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ಮಾತ್ರ ಈ ಖರೋಷ್ಠಿಯಲ್ಲಿಯೇ ಕೊರೆದಿದ್ದಾನೆ. ಗಾಂಧಾರದ ಲೇಖನಿಯ ಗುರುತು ಕನ್ನಡ ನಾಡಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಉಳಿದುಬಂದಿದೆಯೆಂಬುದು ನಮಗೆ ಹೆಮ್ಮೆಯ ವಿಷಯವಷ್ಟೆ.

ಬರೆಯುವ ಮಾತು ಬಂದುದರಿಂದ ನಮ್ಮ ಮೊದಲನೆಯ ಪಾಠಕ್ಕೆ ಆ ಧಾತುವನ್ನೇ ತೆಗೆದುಕೊಳ್ಳೋಣ. ಪಶ್ತೋದಲ್ಲಿ ಕ್ರಿಯೆಯ ಹೆಸರು ‘ಅಲ್’ ಎಂದು ಮುಗಿಯುತ್ತದೆ: ‘ಲೀಕಲ್’ ಎಂದರೆ ಬರೆಯುವುದು. ವರ್ತಮಾನದ ರೂಪಗಳು ಹೀಗಿವೆ: ‘ಜ಼ ಲೀಕಮ್’ ನಾನು ಬರೆಯುತ್ತೇನೆ, ‘ತ ಲೀಕೆ’ ನೀನು ಬರೆಯುತ್ತೀಯೆ, ‘ಹಘ ಲೀಕೀ’ ಅವನು ಅಥವಾ ಅವಳು, ‘ಮೂಂಗ್ ಲೀಕೂ’ ನಾವು, ‘ತಾಸೊ ಲೀಕಯ್’ ನೀವು, ‘ಹಘೂಯ್ ಲೀಕೀ’ ಅವರು. ಉತ್ತಮಪುರುಷದ ಕೊನೆಯ ಮಕಾರವು ‘ಲಿಖಾಮಿ’ ಎಂಬಲ್ಲಿಯ ಮಕಾರಕ್ಕೆ ನೆಂಟನೇ. ಪ್ರಥಮಪುರುಷದಲ್ಲಿ ಮಾತ್ರ ಏಕವಚನ ಬಹುವಚನಗಳಿಗೆ ಭೇದವಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ. ‘ಬರೆಯುತ್ತಾನೆ, ಬರೆಯುತ್ತಾಳೆ, ಬರೆಯುತ್ತಾರೆ’ ಎಂದು ಮೂರು ರೂಪಗಳನ್ನು ಆಡುವ ನಮಗೆ ಇದು ಬಹಳ ಹಗುರವೆನಿಸುತ್ತದೆ. ಕ್ರಿಯಾಪದವು ವಾಕ್ಯದ ಕೊನೆಗೆ ನಿಲ್ಲುವುದರಿಂದ ಕನ್ನಡಿಗನಿಗೆ ಅನ್ವಯದ ತೊಡಕೂ ಕಡಿಮೆ.

ಕೆಲವು ಧಾತುಗಳು ಕಾಲಭೇದದಿಂದ ವೇಷವನ್ನೇ ಬದಲಿಸುತ್ತವೆ. ನೋಡುವುದು ‘ಲೀದಲ್’, ಆದರೆ ‘ನೋಡುತ್ತೇನೆ’ ಎನ್ನುವುದಕ್ಕೆ ‘ವೀನಮ್’. ಹೋಗುವುದು ‘ತ್ಲಲ್’, ‘ಹೋಗುತ್ತೇನೆ’ ಎನ್ನುವುದಕ್ಕೆ ಪೇಷಾವರದವರ ಉಚ್ಚಾರಣೆಯಲ್ಲಿ ‘ಜ಼ಮ್’. ಬಾಲ್ಯದಲ್ಲಿ ‘ದೃಶ್’ ಧಾತುವಿಗೆ ‘ಪಶ್ಯತಿ’ ಹೇಗೆ ಬಂತೆಂದು ಬೆರಗಾದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು.

ಚಾರ್‌ಸದ್ದಾ ಎಂಬುದು ಪ್ರಾಚೀನ ಪುಷ್ಕಲಾವತಿ. ಅದನ್ನು ದಾಟಿ ಪುರುಷಪುರವಾದ ಪೇಷಾವರವನ್ನು ಸೇರೋಣ. ಕನಿಷ್ಕನ ರಾಜಧಾನಿಯಾಗಿದ್ದ ಈ ನಗರದಲ್ಲಿ ಕಿಸ್ಸಾಖ್ವಾನಿ ಎಂಬ ಹಳೆಯ ಬಾಜ಼ಾರಿದೆ. ಹೆಸರಿನ ಅರ್ಥವೇ ಕಥೆ ಹೇಳುವವರ ಪೇಟೆಯೆಂದು. ಕಥೆಯೆಂದ ಮೇಲೆ ಭೂತಕಾಲವು ಬೇಕೇ ಬೇಕು. ಪಶ್ತೋ ಕಲಿಯುವವನ ನಿಜವಾದ ಪರೀಕ್ಷೆಯು ಇಲ್ಲಿಯೇ. ‘ನಾನು ಸೇಬನ್ನು ತಿಂದೆನು’ ಎನ್ನುವುದಕ್ಕೆ ‘ಮಾ ಮಣ ವಖ್ವಡ಼’ ಎನ್ನಬೇಕು. ಹಲವು ಸೇಬುಗಳಾದರೆ ‘ಮಾ ಮಣೆ ವಖ್ವಡ಼ೆ’. ಸೇಬು ಆ ಭಾಷೆಯಲ್ಲಿ ಸ್ತ್ರೀಲಿಂಗ. ತಿಂದವನು ಗಂಡಸಾಗಿರಲಿ, ಒಬ್ಬನಿರಲಿ, ಹತ್ತು ಮಂದಿಯಿರಲಿ, ಕ್ರಿಯಾಪದವು ತಿಂದವನ ಕಡೆಗೆ ತಿರುಗಿಯೂ ನೋಡದೆ ಹಣ್ಣನ್ನೇ ಹಿಂಬಾಲಿಸುತ್ತದೆ. ‘ಜ಼’ ಎಂಬ ಕರ್ತೃಪದವು ‘ಮಾ’ ಎಂದು ರೂಪವನ್ನು ಬದಲಿಸಿಕೊಂಡು ಹಿಂದೆ ಸರಿಯುತ್ತದೆ. ಹಿಂದಿಯನ್ನು ಕಲಿತ ಮಕ್ಕಳು ‘ಮೈಂನೇ ರೋಟೀ ಖಾಯೀ’ ಎಂಬುದನ್ನು ನೆನೆಯಬಹುದು. ಸಂಸ್ಕೃತಜ್ಞರಿಗೆ ‘ಮಯಾ ಪತ್ರಂ ಲಿಖಿತಮ್’ ಎಂಬ ಕರ್ಮಣಿ ಪ್ರಯೋಗವು ಹೊಳೆಯುವುದು. ಇರಾನೀ, ಭಾರತೀಯ ಎಂಬ ಎರಡು ಮನೆಗಳಲ್ಲಿಯೂ ಹಳೆಯ ಭೂತಕಾಲದ ತಿಙಂತಗಳು ಮರೆಯಾಗಿ, ‘ಕ್ತ’ ಪ್ರತ್ಯಯದಂತಹ ಕೃದಂತವು ಆ ಸ್ಥಾನಕ್ಕೆ ಬಂದುದೇ ಇದಕ್ಕೆ ಕಾರಣ. ಕರ್ಮವಿಲ್ಲದ ಕ್ರಿಯೆಗೆ ಈ ನಿಯಮವಿಲ್ಲ: ‘ಜ಼ ರಾಘ್ಲಮ್’ ಎಂದರೆ ನಾನು ಬಂದೆನು, ಇಲ್ಲಿ ಕರ್ತೃವೇ ಒಡೆಯ.

‘ವಖ್ವಡ಼’ ಎಂಬುದರ ಮೊದಲಲ್ಲಿರುವ ವಕಾರವನ್ನು ವಾಚಕರು ಗಮನಿಸಿರಬಹುದು. ‘ಅಲಿಖತ್’ ಎಂಬಲ್ಲಿಯ ಅಡಾಗಮದ ತಮ್ಮನೇ ಇದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಕಾರವು ಹೇಳುವುದು ಕಾಲವನ್ನು. ಈ ವಕಾರವು ಹೇಳುವುದು ಕೆಲಸದ ಮುಕ್ತಾಯವನ್ನು. ‘ಮಾ ಖತ್ ಲೀಕ’ ಎಂದರೆ ನಾನು ಕಾಗದವನ್ನು ಬರೆಯುತ್ತಿದ್ದೆನು. ‘ಮಾ ಖತ್ ವಲೀಕ’ ಎಂದರೆ ಬರೆದು ಮುಗಿಸಿದೆನು. ಭವಿಷ್ಯಕ್ಕೆ ‘ಬ’ ಎಂಬ ಚಿಕ್ಕ ಅವ್ಯಯವನ್ನು ಸೇರಿಸುತ್ತಾರೆ. ಅಲ್ಲಿಯೂ ಇದೇ ಭೇದವಿದೆ: ‘ಜ಼ ಬ ವಲೀಕಮ್’ ಎಂದರೆ ಒಮ್ಮೆ ಬರೆದುಬಿಡುವೆನು, ‘ಜ಼ ಬ ಲೀಕಮ್’ ಎಂದರೆ ಬರೆಯುತ್ತ ಇರುವೆನು. ಯಾವ ಕಾಲದಲ್ಲಿ ನಡೆಯಿತೆಂಬುದರ ಜತೆಗೆ, ಮುಗಿಯಿತೇ ಇಲ್ಲವೇ ಎಂಬುದನ್ನೂ ಪ್ರತಿಯೊಂದು ಮಾತಿನಲ್ಲಿಯೂ ನಿರ್ಧರಿಸಿಯೇ ಆಡಬೇಕು. ಇದು ಈ ಭಾಷೆಯ ಜೀವಾಳ.

ಪೇಷಾವರದಿಂದ ಪಶ್ಚಿಮಕ್ಕೆ ಜಮ್ರೂದ್, ಅಲ್ಲಿಂದ ಖೈಬರ್ ಕಣಿವೆ, ಲಂಡಿಕೋತಲ್, ಕೊನೆಗೆ ಗಡಿಯ ತೋರ್ಖಮ್. ದಂಡುಗಳು ಹಾದುಹೋದ ದಾರಿಯೆಂದು ಚರಿತ್ರೆಯ ಪುಸ್ತಕಗಳಲ್ಲಿ ನಾವು ಓದಿದ್ದೇವೆ. ಆದರೆ ಈ ದಾರಿಯಲ್ಲಿ ಎದುರಾದವರು ಒಬ್ಬರಿಗೊಬ್ಬರು ಹೇಳುವ ಮಾತೇನು ಬಲ್ಲಿರಾ? ‘ಸ್ತಡ಼ಯ್ ಮ ಶೆ’ ಎಂದು ಒಬ್ಬನು ಹೇಳಿದರೆ ‘ಖ್ವಾರ್ ಮ ಶೆ’ ಎಂದು ಮತ್ತೊಬ್ಬನ ಉತ್ತರ. ‘ದಣಿಯದಿರು’ ಎಂಬುದು ಮೊದಲಿನದರ ಅರ್ಥ. ‘ದೀನನಾಗದಿರು’ ಎಂಬುದು ಎರಡನೆಯದರದು. ನಿಷೇಧದ ‘ಮ’ ಎಂಬುದು ನಮ್ಮ ‘ಮಾ’ ಎಂಬ ಅವ್ಯಯವೇ. ‘ಶ್ರಾಂತೋ ಮಾ ಭೂಃ’ ಎಂದರೆ ಅಕ್ಷರಶಃ ಅದೇ ಹಾರೈಕೆಯಾಗುತ್ತದೆ. ಕಡಿದಾದ ಬೆಟ್ಟಗಳನ್ನು ಹತ್ತಿ ಇಳಿಯುವ ಜನರು ಕುಶಲಪ್ರಶ್ನೆಗೆ ಆರಿಸಿಕೊಂಡಿರುವುದು ದಣಿವನ್ನು ಕಳೆಯುವ ಮಾತು. ಪಠಾಣನೆಂದರೆ ಬಂದೂಕು, ಇಲ್ಲವೆ ಸಾಲದ ಲೇವಾದೇವಿ ಎಂದಷ್ಟೇ ತಿಳಿದಿರುವವರು ಈ ಎರಡು ಕ್ರಿಯಾಪದಗಳನ್ನಾದರೂ ಕಲಿಯಬೇಕು.

ಅತಿಥಿಸತ್ಕಾರವು ಅವರ ಕುಲಧರ್ಮ. ಅದಕ್ಕೆ ತಕ್ಕಂತೆ ಕೊಡುವ ಕ್ರಿಯೆಗೆ ಮೂರು ದಾರಿಗಳನ್ನು ಅವರ ಭಾಷೆಯು ಮಾಡಿದೆ. ‘ರಾ’ ಎಂದರೆ ನನ್ನ ಕಡೆಗೆ, ‘ದರ್’ ಎಂದರೆ ನಿನ್ನ ಕಡೆಗೆ, ‘ವರ್’ ಎಂದರೆ ಅವನ ಕಡೆಗೆ. ‘ರಾಕವಲ್’ ನನಗೆ ಕೊಡುವುದು. ‘ದರ್ಕವಲ್’ ನಿನಗೆ ಕೊಡುವುದು. ‘ವರ್ಕವಲ್’ ಅವನಿಗೆ ಕೊಡುವುದು. ಹಾಗೆಯೇ ‘ರಾತ್ಲಲ್’ ಎಂದರೆ ನಾನಿರುವಲ್ಲಿಗೆ ಬರುವುದು, ‘ವರ್ತ್ಲಲ್’ ಎಂದರೆ ಅವನಿರುವಲ್ಲಿಗೆ ಹೋಗುವುದು. ಸಂಸ್ಕೃತದ ಉಪಸರ್ಗಗಳು ದಿಕ್ಕನ್ನು ತೋರಿಸುವುವಾದರೂ ಯಾರ ಕಡೆಗೆಂಬುದನ್ನು ಹೀಗೆ ಹಂಚಿಕೊಡುವುದಿಲ್ಲ. ಈ ವಿವೇಕವು ನಮ್ಮ ದ್ರಾವಿಡ ಭಾಷೆಗಳಿಗೇ ಹೆಚ್ಚು ಪರಿಚಿತ. ‘ತಾ’ ಎನ್ನುವುದಕ್ಕೂ ‘ಕೊಡು’ ಎನ್ನುವುದಕ್ಕೂ ಇಂತಹುದೇ ಭೇದವನ್ನು ತಮಿಳಿನ ತೊಲ್ಕಾಪ್ಪಿಯಂ ಎಂಬ ಪ್ರಾಚೀನ ವ್ಯಾಕರಣವು ಹೇಳಿದೆ. ಮನೆಗೆ ಬಂದವನನ್ನು ‘ಹರ್ ಕಲ ರಾಶ’ ಎಂದು ಎದುರುಗೊಳ್ಳುತ್ತಾರೆ: ‘ಯಾವಾಗಲೂ ನಮ್ಮಲ್ಲಿಗೆ ಬಾ’ ಎಂದು ಅದರ ಅರ್ಥ.

ಇನ್ನೊಂದು ಸೌಲಭ್ಯವನ್ನು ಹೇಳದಿದ್ದರೆ ಪಾಠವು ಪೂರ್ಣವಾಗದು. ‘ಕವಲ್’ ಎಂದರೆ ಮಾಡುವುದು, ‘ಕೇದಲ್’ ಎಂದರೆ ಆಗುವುದು. ‘ಜೋಡ಼್’ ಎಂಬುದಕ್ಕೆ ಇವನ್ನು ಸೇರಿಸಿದರೆ ಸಿದ್ಧಮಾಡುವುದು, ಸಿದ್ಧವಾಗುವುದು ಎಂಬ ಜೋಡಿ ದೊರೆಯುತ್ತದೆ. ಕನ್ನಡದ ‘ಮಾಡು’, ‘ಆಗು’ಗಳೂ ಸಂಸ್ಕೃತದ ‘ಶುಕ್ಲೀಕರೋತಿ’, ‘ಶುಕ್ಲೀಭವತಿ’ ಎಂಬ ಚ್ವಿಪ್ರಯೋಗಗಳೂ ಮಾಡುವ ಕೆಲಸವೇ ಇದು. ಈ ಎರಡು ಧಾತುಗಳನ್ನು ಕಲಿತವನಿಗೆ ನೂರಾರು ಕ್ರಿಯೆಗಳು ಕೈವಶವಾಗುವುವು.

ಕೊನೆಗೆ ಉತ್ತರಕ್ಕೆ ತಿರುಗಿ, ಮಲಾಕಂದ್ ಕಣಿವೆಯನ್ನು ಹತ್ತಿ ಸ್ವಾತ್ ನದಿಯ ತೀರಕ್ಕೆ ಬರೋಣ. ಸುವಾಸ್ತುವೆಂಬ ಹೆಸರು ಪಾಣಿನಿಯ ಸೂತ್ರದಲ್ಲಿಯೇ ಬಂದಿದೆ. ಈ ಕಣಿವೆಯ ಮಿಂಗೋರಾ ಪಟ್ಟಣದ ಶಾಲಾಬಾಲಿಕೆ ಮಲಾಲಾ ಯೂಸುಫ್‌ಜ಼ೈ, ಹೆಣ್ಣುಮಕ್ಕಳ ಓದಿನ ಪರವಾಗಿ ಮಾತನಾಡಿದ್ದಕ್ಕಾಗಿ 2012ರಲ್ಲಿ ಗುಂಡಿನ ಪೆಟ್ಟನ್ನು ತಿಂದಳು. ಬದುಕಿ ಉಳಿದು 2014ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದಳು. ಗಡಿಯ ಆಚೆಗೆ, ಪಶ್ತೋ ಭಾಷೆಯನ್ನು 1936ರಲ್ಲಿಯೇ ರಾಜಭಾಷೆಯೆಂದು ಸಾರಿದ ಅಫಘಾನಿಸ್ತಾನದಲ್ಲಿ, 2021ರಲ್ಲಿ ಆರನೆಯ ತರಗತಿಯ ಮೇಲಿನ ಶಾಲೆಗಳು ಹೆಣ್ಣುಮಕ್ಕಳಿಗೆ ಮುಚ್ಚಲ್ಪಟ್ಟವು. ಪಾಕಿಸ್ತಾನವೊಂದರಲ್ಲಿಯೇ ನಾಲ್ಕು ಕೋಟಿಗೂ ಮಿಕ್ಕ ಜನರ ತಾಯಿನುಡಿಯಾಗಿರುವ, ಖುಷಾಲ್ ಖಾನ್ ಖಟಕನಂತಹ ಕವಿಯನ್ನು ಹದಿನೇಳನೆಯ ಶತಮಾನದಲ್ಲಿಯೇ ಪಡೆದಿದ್ದ ಭಾಷೆಗೆ ಒದಗಿದ ಅವಸ್ಥೆಯಿದು. ವೈಯಾಕರಣರಿಗೆ ಗುರುಸ್ಥಾನದಲ್ಲಿರುವವನ ಜನ್ಮಭೂಮಿಯ ನೆರೆಯಲ್ಲಿ ಒಂದು ‘ಲೂರ್’ ತನ್ನ ತಾಯಿನುಡಿಯ ವ್ಯಾಕರಣವನ್ನು ಓದುವ ಹಕ್ಕನ್ನು ಕಳೆದುಕೊಳ್ಳುವುದಕ್ಕಿಂತ ದುಃಖಕರವಾದುದು ಉಪಾಧ್ಯಾಯನಿಗೆ ಬೇರೊಂದಿಲ್ಲ.

ಪಶ್ತೋದಲ್ಲಿ ಓದುವುದಕ್ಕೆ ‘ಲ್ವಸ್ತಲ್’ ಎನ್ನುತ್ತಾರೆ; ಓದುತ್ತೇನೆ ಎಂಬುದಕ್ಕೆ ‘ಲ್ವಲಮ್’. ‘ಜ಼ ಬ ವಲ್ವಲಮ್’ ಎಂದರೆ ಒಮ್ಮೆ ಓದಿ ಮುಗಿಸುವೆನೆಂದು ಅರ್ಥ. ‘ಜ಼ ಬ ಲ್ವಲಮ್’ ಎಂದರೆ ಓದುತ್ತಲೇ ಇರುವೆನೆಂದು. ಆ ನಾಡಿನ ಹೆಣ್ಣುಮಕ್ಕಳ ಬಾಯಲ್ಲಿ ವಕಾರವಿಲ್ಲದ ಆ ಎರಡನೆಯ ರೂಪವೇ ನೆಲೆಗೊಳ್ಳಲಿ.