ಶ್ರೀಶೈಲದ ದಾರಿಯಲ್ಲಿ ತಂಗುವ ತಾಣಗಳು

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನನ್ನ ಮೊಮ್ಮಗನು ಒಂದು ಸಂಜೆ ಕಟ್ಟೆಯ ಮೇಲೆ ನನ್ನ ಬದಿಗೆ ಬಂದು ಕುಳಿತು, "ತಾತಾ, ನಾವು ಗೆಳೆಯರೆಲ್ಲ ಕೂಡಿ ಕ್ಯಾಂಪಿಂಗ್ ಹೋಗಬೇಕಂತ ಮಾಡೀವಿ. ಗುಡ್ಡ, ಅಡವಿ, ಕೆರಿ, ಹೊಳಿ ಎಲ್ಲಾ ಒಂದೇ ಕಡೆ ಇರೋ ಜಾಗ ಎಲ್ಲೈತಿ?" ಎಂದು ಕೇಳಿದನು. ನನಗೆ ನಗು ಬಂದಿತು. ನಮ್ಮ ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಎಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಹೊಲಗಳ ನಡುವೆ ಗುಡಿಸಲು ಹಾಕಿಕೊಂಡು ನಿಂತ ನೆಲೆಗಳನ್ನು ಜನ ಹಾಗೆ ಕರೆದರು. ಗುಡಿಸಲುಗಳು ಹೋಗಿ ಮಾಳಿಗೆಯ ಮನೆಗಳಾದರೂ ಆ ಹೆಸರು ಉಳಿದಿದೆ. ಹೀಗಾಗಿ ಗೊರೇಬಾಳದವನಾದ ನನಗೆ, ಕ್ಯಾಂಪಿಗೆ ಹೋಗಲು ಬೆಂಗಳೂರಿನ ಹುಡುಗರು ಜಾಗ ಹುಡುಕುತ್ತಿರುವುದು ವಿನೋದವಾಗಿ ತೋರಿತು.

ಆದರೆ ಅವನು ಕೇಳಿದ ಜಾಗವನ್ನು ನಮ್ಮ ಹಿರಿಯರು ತಲೆತಲಾಂತರದಿಂದ ಬಲ್ಲರು. ಅದು ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಕಂಬಿಯ ಹಿಂದೆ ನಲ್ಲಮಲ ಅರಣ್ಯವನ್ನು ದಾಟಿ ಶ್ರೀಶೈಲಕ್ಕೆ ನಡೆದುಹೋಗುವ ದಾರಿ. ಅಂದು ಅವನಿಗೆ ಹೇಳಿದ್ದನ್ನು, ಅದರೊಡನೆ ನಲವತ್ತು ವರ್ಷ ಯಾರಿಗೂ ಹೇಳದಿದ್ದ ನನ್ನದೊಂದು ತಪ್ಪನ್ನು, ವಾಚಕ ಬಂಧುಗಳಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮದು ಎಡೆದೊರೆ ನಾಡು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳು ಕರ್ನೂಲನ್ನು ದಾಟಿದ ಮೇಲೆ ಕೂಡುತ್ತವೆ. ಆ ಸೀಮೆಯ ಸಂಗಮೇಶ್ವರನ ಗುಡಿ ಈಗ ಶ್ರೀಶೈಲದ ಜಲಾಶಯದಲ್ಲಿ ಮುಳುಗಿರುತ್ತದೆ. ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಮೇಲೆ ಕಾಣಿಸುತ್ತದೆ. ಅಲ್ಲಿಂದ ಮುಂದೆ ಕೃಷ್ಣೆಯು ನಲ್ಲಮಲದ ಬೆಟ್ಟಗಳನ್ನು ಕೊರೆದು, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಎನಿಸಿಕೊಂಡು ಹರಿಯುತ್ತಾಳೆ. ತುಂಗಭದ್ರೆಯನ್ನು ದಾಟಿ ಎಮ್ಮಿಗನೂರು, ಕರ್ನೂಲು, ಆತ್ಮಕೂರುಗಳ ಮೇಲೆ ಹಾಯ್ದುಹೋಗುವ ನಮ್ಮ ಯಾತ್ರಿಕರೂ ನೀರು ಹರಿಯುವ ದಿಕ್ಕಿಗೇ ನಡೆಯುತ್ತಾರೆ. ಸೊನ್ನಲಿಗೆಯ ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಅರಸುತ್ತ ಪರ್ವತದ ಯಾತ್ರಿಕರ ಜೊತೆಗೂಡಿ ಹೋದ ಪ್ರಸಂಗವನ್ನು ರಾಘವಾಂಕನು ಬರೆದಿದ್ದಾನೆ. ಅಕ್ಕಮಹಾದೇವಿ ಕದಳಿಗೆ ಹೋದದ್ದೂ ಇದೇ ಪರ್ವತಕ್ಕೆ. ಪಾಲ್ಕುರಿಕೆ ಸೋಮನಾಥನು ತೆಲುಗಿನ 'ಪಂಡಿತಾರಾಧ್ಯ ಚರಿತ್ರೆ'ಯಲ್ಲಿ ಒಂದು ಪ್ರಕರಣವನ್ನೇ ಈ ಪರ್ವತಕ್ಕೆ ಮೀಸಲಿಟ್ಟಿದ್ದಾನೆ.

ಆತ್ಮಕೂರಿನ ಆಚೆ ವೆಂಕಟಾಪುರದಿಂದ ಅಡವಿಯ ದಾರಿ ಆರಂಭವಾಗುತ್ತದೆ. ಅಲ್ಲಿಂದ ಶ್ರೀಶೈಲಕ್ಕೆ 40-45 ಕಿ.ಮೀ. ಆದೀತು. ಮೊದಲ ತಂಗುದಾಣ ನಾಗಲೂಟಿ. ಅಲ್ಲಿ ವೀರಭದ್ರನ ಹಳೆಯ ಗುಡಿಯಿದೆ. ಮೆಟ್ಟಿಲುಗಳನ್ನು ಏರುವುದು ಅಲ್ಲಿಂದಲೇ. 14ನೆಯ ಶತಮಾನದಲ್ಲಿ ರೆಡ್ಡಿ ಅರಸರಲ್ಲಿ ಮೊದಲಿಗನಾದ ಪ್ರೋಲಯ ವೇಮಾರೆಡ್ಡಿಯು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ರಾತ್ರಿ ನಾಗಲೂಟಿಯಲ್ಲಿ ಮಲಗಿ, ಬೆಳಕು ಹರಿಯುತ್ತಲೇ ಏರತೊಡಗಿದರೆ ಬಿಸಿಲಿನ ಬಾಧೆ ಕಡಿಮೆ. ಮುಂದೆ ದಾಮರ್ಲಕುಂಟ, ಅದು ದಣಿವಾರಿಸಿಕೊಳ್ಳಲು ತಕ್ಕ ಸ್ಥಳ. ಅದರ ಮುಂದೆ ಪೆದ್ದ ಚೆರುವು, ಎಂದರೆ ದೊಡ್ಡ ಕೆರೆ. ಅಡವಿಯ ನಡುವೆ ವಿಶಾಲವಾದ ನೀರು, ಬದಿಯಲ್ಲಿ ಚೆಂಚು ಜನರ ಗುಡಿಸಲುಗಳು. ಇಡೀ ದಾರಿಯಲ್ಲಿ ಸಂಸಾರದೊಡನೆ ರಾತ್ರಿ ತಂಗಲು ಇದಕ್ಕಿಂತ ಯೋಗ್ಯವಾದ ತಾಣ ಬೇರೊಂದಿಲ್ಲ. ಆ ಬಳಿಕ ಮಠಂಬಾವಿ. ಅನಂತರ ನಮ್ಮವರು ಭೀಮನಕೊಳ್ಳ ಎನ್ನುವ ಆಳವಾದ ಕಣಿವೆ. ಇಳಿಯುವುದೂ ಕಡಿದು, ಏರುವುದೂ ಕಡಿದು. ನೋಡಲು ರಮಣೀಯ, ಮಲಗಲು ಇಕ್ಕಟ್ಟು. ಕಣಿವೆಯಿಂದ ಮೇಲೇರಿದರೆ ಕೈಲಾಸ ಬಾಗಿಲು. ಅಲ್ಲಿಗೆ ಕಷ್ಟದ ಏರು ಮುಗಿಯುತ್ತದೆ.

ಇದನ್ನೆಲ್ಲ ಕೇಳಿದ ಹುಡುಗನು, "ಇಷ್ಟೇ ಏನು ತಾತಾ? ನಸಿಕಿನ್ಯಾಗ ಬಿಟ್ರ ಒಂದೇ ದಿನಕ್ಕ ಮುಗಿಸ್ತೀವಿ" ಎಂದನು. ಆ ಮಾತು ನನ್ನ ಎದೆಗೆ ನಾಟಿತು. ನಾನೂ ಒಮ್ಮೆ ಹೀಗೆಯೇ ಆಡಿದ್ದೆನು.

ಅದು 1983ರ ಯುಗಾದಿ. ನನಗೆ ಇಪ್ಪತ್ತನಾಲ್ಕು ವರ್ಷ. ಮಠದ ಪಾಠಶಾಲೆಯಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದೆ. ನಾಲಿಗೆಯ ತುದಿಯಲ್ಲಿ ಶ್ಲೋಕಗಳಿದ್ದವು. ಅವುಗಳ ಜೊತೆಗೆ ಅಹಂಕಾರವೂ ಇತ್ತು. ನಮ್ಮ ಓಣಿಯ ಹನ್ನೆರಡು ಜನರಿಗೆ ನಾನೇ ಮುಂದಾಳು. ಹತ್ತು ದಿನ ನಡೆದು ನಾವು ಪೆದ್ದ ಚೆರುವನ್ನು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹಿರಿಯರೆಲ್ಲ ಕೆರೆಯ ಬದಿಗೆ ಕಂಬಳಿ ಹಾಸಿದರು. ನನ್ನ ಸೋದರತ್ತೆ ಕಾಲಿನ ಬೊಕ್ಕೆಗಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಮರುದಿನ ಸೋಮವಾರ. ಬೆಳಗಿನ ಜಾವಕ್ಕೆ ಮಲ್ಲಯ್ಯನ ಸನ್ನಿಧಿಯಲ್ಲಿರಬೇಕೆಂದು ನಾನು ಹಟ ಹಿಡಿದೆ. ವ್ರತ ಹಿಡಿದವನು ದೇಹದ ಸುಖ ನೋಡಬಾರದೆಂದು ಶ್ಲೋಕ ಹೇಳಿ, ಅರ್ಥ ಹೇಳಿ, ಅವರನ್ನು ನಾಚಿಸಿದೆ. ಓದು ಬಾರದ ಆ ಹಿರಿಯರು ಓದಿದವನ ಮಾತಿಗೆ ಮರ್ಯಾದೆ ಕೊಟ್ಟು ಎದ್ದರು. ಅತ್ತೆಯವರೂ ಎದ್ದರು.

ಭೀಮನಕೊಳ್ಳದ ಇಳಿಜಾರಿಗೆ ಬರುವಷ್ಟರಲ್ಲಿ ಕತ್ತಲಾಯಿತು. ಹನ್ನೆರಡು ಜನರಿಗೆ ಒಂದೇ ಕಂದೀಲು; ಅದೂ ನನ್ನ ಕೈಯಲ್ಲಿ, ಎಲ್ಲರಿಗಿಂತ ಮುಂದೆ. ಹಿಂದಿನಿಂದ ಒಂದು ಚೀರು ಕೇಳಿತು. ಅತ್ತೆಯವರು ಮೆಟ್ಟಿಲು ತಪ್ಪಿ ಬಿದ್ದಿದ್ದರು. ಪಾದದ ಕೀಲು ಮುರಿದಿತ್ತು. ತಂಬಿಗೆಗಳಲ್ಲಿ ನೀರು ಮುಗಿದಿತ್ತು. ಕಣಿವೆಯ ನೀರಿಗೆ ಆ ಕತ್ತಲಲ್ಲಿ ಇಳಿಯುವ ಧೈರ್ಯ ಯಾರಿಗೂ ಬರಲಿಲ್ಲ. ಕಲ್ಲಿನ ಮೆಟ್ಟಿಲುಗಳ ಮೇಲೆಯೇ ಇಡೀ ರಾತ್ರಿ ಕುಳಿತೆವು. ಅವರು ನರಳಲಿಲ್ಲ, 'ಮಲ್ಲಯ್ಯಾ, ಮಲ್ಲಯ್ಯಾ' ಎನ್ನುತ್ತಿದ್ದರು. ನನ್ನ ಬಾಯಿಗೆ ಒಂದು ಶ್ಲೋಕವೂ ಬರಲಿಲ್ಲ.

ಬೆಳಕು ಹರಿದ ಮೇಲೆ ನಮ್ಮಲ್ಲಿ ಇಬ್ಬರು ಹಿಂದಿರುಗಿ ಕೆರೆಯ ಬಳಿಯ ಗುಡಿಸಲುಗಳಿಗೆ ಹೋದರು. ನಾಲ್ವರು ಚೆಂಚುಗಳು ಬಂದರು. ಬಿದಿರಿನ ಗಳಕ್ಕೆ ನಮ್ಮ ಕಂಬಳಿಯನ್ನು ಕಟ್ಟಿ, ಅತ್ತೆಯವರನ್ನು ಅದರಲ್ಲಿ ಮಲಗಿಸಿ, ಆ ಕಡಿದಾದ ಏರನ್ನು ಹತ್ತಿ ಕೈಲಾಸ ಬಾಗಿಲಿಗೆ ಮುಟ್ಟಿಸಿದರು. ಹಣ ಕೊಡಹೋದಾಗ ಅವರಲ್ಲಿ ಹಿರಿಯನು ತೆಗೆದುಕೊಳ್ಳಲಿಲ್ಲ. ನಮ್ಮ ಅಳಿಯನ ಮನೆಗೆ ಬಂದವರ ಕೈಯಿಂದ ಹಣ ಹಿಡಿಯುವುದುಂಟೇ ಎಂದು ತೆಲುಗಿನಲ್ಲಿ ಕೇಳಿದನು. ಮಲ್ಲಯ್ಯನು ತಮ್ಮ ಕುಲದ ಹೆಣ್ಣನ್ನು ಮದುವೆಯಾದ ಅಳಿಯನೆಂಬುದು ಚೆಂಚುಗಳ ನಂಬಿಕೆ. ಭ್ರಮರಾಂಬೆ ನಮ್ಮ ಮನೆಮಗಳೆಂದು ಸೀರೆ-ಕುಪ್ಪಸ ಒಯ್ಯುವ ಕನ್ನಡಿಗರಿಗೂ ಅವನು ಅಳಿಯನೇ. ಅಂದಮೇಲೆ ಚೆಂಚುಗಳು ನಮಗೆ ನೆಂಟರೆಂಬ ಅರಿವು ನನಗೆ ಅಂದು ಆಯಿತು.

ಅತ್ತೆಯವರ ಕಾಲು ಮತ್ತೆ ಸರಿಯಾಗಿ ಕೂಡಲಿಲ್ಲ. ಕೊನೆಯವರೆಗೆ ಕುಂಟುತ್ತಲೇ ನಡೆದರು. ಯಾರು ಕೇಳಿದರೂ 'ಕತ್ತಲದಾಗ ಬಿದ್ದೆ' ಎಂದರೇ ಹೊರತು ನನ್ನ ಹೆಸರೆತ್ತಲಿಲ್ಲ. ಒಮ್ಮೆ ಮಾತ್ರ, ನಾವಿಬ್ಬರೇ ಇದ್ದಾಗ, "ಮಲ್ಲಯ್ಯ ಎಲ್ಲಿಗೂ ಓಡಿ ಹೋಗ್ತಿದ್ದಿಲ್ಲಪ್ಪಾ. ನಾವು ಒಂದು ರಾತ್ರಿ ಕುಂತು ಹೋಗಿದ್ರ ಆಗ್ತಿತ್ತು" ಎಂದರು. ಗುರುಗಳ ಪಾದದಡಿ ಕುಳಿತು ಕಲಿತ ಶಾಸ್ತ್ರಕ್ಕಿಂತ ಆ ಒಂದು ಮಾತು ನನಗೆ ದೊಡ್ಡ ಶಾಸ್ತ್ರವಾಯಿತು. ನಡೆಯುವುದು ವ್ರತವಾದರೆ, ಹಿಂದೆ ಬರುವವರ ಕಾಲು ನೋಡಿ ನಿಲ್ಲುವುದೂ ವ್ರತವೇ.

ಆದುದರಿಂದ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡುವವರಲ್ಲಿ ಕೆಲವು ಮಾತುಗಳ ಬಿನ್ನಹ. ಈ ಅಡವಿಯು 1983ರಿಂದ ಹುಲಿ ಯೋಜನೆಗೆ ಸೇರಿದೆ. ಬೇಕೆಂದಾಗ ಹೋಗಿ ಡೇರೆ ಹೊಡೆಯಲು ಬರುವಂತಿಲ್ಲ. ಶಿವರಾತ್ರಿ, ಯುಗಾದಿಗಳ ಜಾತ್ರೆಯ ಕಾಲದಲ್ಲಿ ಅರಣ್ಯ ಇಲಾಖೆಯು ದಾರಿ ತೆರೆಯುವ ದಿನಗಳನ್ನು ವಿಚಾರಿಸಿಕೊಂಡೇ ಹೊರಡಬೇಕು. ದಾಸೋಹದ ಪೆಂಡಾಲುಗಳಿರುವಲ್ಲಿಯೇ, ಜನರ ನಡುವೆ ತಂಗಬೇಕು. ನೀರಿನ ಅಂಚಿನಲ್ಲಿ ಹಾಸಿಗೆ ಹಾಸಬಾರದು. ರಾತ್ರಿ ಆ ಕೆರೆ ಮೃಗಗಳದು. ಯುಗಾದಿಯ ಹೊತ್ತಿಗೆ ಉದುರಿದ ಎಲೆಗಳೆಲ್ಲ ಒಣಗಿರುತ್ತವೆ, ಒಂದು ಬೀಡಿಯ ಕಿಡಿ ಸಾಕು. ಆದ್ದರಿಂದ ಒಲೆ ಹೂಡದೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಲೇಸು. ಪ್ಲಾಸ್ಟಿಕ್ಕನ್ನು ಅಡವಿಯಲ್ಲಿ ಬಿಟ್ಟುಬರುವುದು ನೆಂಟರ ಅಂಗಳದಲ್ಲಿ ಕಸ ಚೆಲ್ಲಿ ಬಂದಂತೆ. ಕಂದೀಲು ಹಿಡಿದವನು ಎಲ್ಲರಿಗಿಂತ ಹಿಂದೆ ನಡೆಯಲಿ. ನಡೆಯಲಾರದವರು ದೋರನಾಲದ ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಬಂದು ಶ್ರೀಶೈಲದ ಛತ್ರಗಳಲ್ಲಿ ಇಳಿದುಕೊಳ್ಳಬಹುದು. ಪಾತಾಳಗಂಗೆಯಿಂದ ದೋಣಿಯ ಮೇಲೆ ಅಕ್ಕಮಹಾದೇವಿಯ ಗವಿಗೆ ಹೋಗಿ ಬರುವುದೂ ಉಂಟು. ಅದರಿಂದ ಅವರ ಭಕ್ತಿಗೆ ಯಾವ ಕೊರತೆಯೂ ಇಲ್ಲ.

ಮೊಮ್ಮಗನು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದನು. ಆಮೇಲೆ, "ನೀವೂ ಬರ್ರಿ ತಾತಾ, ನಿಮ್ಮ ನಡಿಗಿಗೆ ನಾವು ನಡೀತೀವಿ" ಎಂದನು. ಮೊಣಕಾಲಿನ ನೋವಿದೆ, ಆದರೂ ಬರುವ ಯುಗಾದಿಗೆ ಹೊರಡುವುದೆಂದು ನಿಶ್ಚಯಿಸಿದ್ದೇನೆ. ಒಂದು ಕರಾರು ಹಾಕಿದ್ದೇನೆ. ಪೆದ್ದ ಚೆರುವಿನಲ್ಲಿ ಒಂದು ರಾತ್ರಿ ತಂಗಬೇಕು. ಅತ್ತೆಯವರು ಅಂದು ಹಾಸಿ ಮತ್ತೆ ಮಡಚಿದ ಕಂಬಳಿ ನಮ್ಮ ಮನೆಯಲ್ಲಿ ಇನ್ನೂ ಇದೆ, ಅದನ್ನೇ ಒಯ್ಯುತ್ತೇನೆ.