ಹಳದಿ ಬಟ್ಟೆಯ ಗಂಟು

ಕನಕದಾಸರ ಒಂದು ಕೀರ್ತನೆ ದೇವರಲ್ಲಿ ಏನನ್ನೂ ಬೇಡುವುದಿಲ್ಲ. ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು, ಗಾಬರಿ ಬೀಳಬೇಡ ಎಂದು ಸಮಾಧಾನ ಹೇಳುತ್ತದೆ. ಬೆಟ್ಟದ ನೆತ್ತಿಯ ಮರಕ್ಕೆ ನೀರುಣಿಸಿದವನು, ಕಲ್ಲಿನೊಳಗಿನ ಕಪ್ಪೆಗೆ ಆಹಾರ ಒದಗಿಸಿದವನು ನಿನ್ನನ್ನು ಮಾತ್ರ ಕೈಬಿಡುತ್ತಾನೆಯೇ ಎಂಬುದು ಅದರ ಧಾಟಿ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ನಂಬಿದ ಈ ದಾಸರು ಮೊದಲು ದಂಡನಾಯಕರಾಗಿದ್ದರು, ಯುದ್ಧದಲ್ಲಿ ಗಾಯಗೊಂಡು ಬದುಕುಳಿದರು ಎಂದು ಪರಂಪರೆ ಹೇಳುತ್ತದೆ. ಭಯವನ್ನು ಕಣ್ಣಾರೆ ಕಂಡವರ ಸಮಾಧಾನ ಅದು. ಕಷ್ಟದಲ್ಲಿರುವವರ ಕಿವಿಗೆ ಇವತ್ತಿಗೂ ಅದು ಹಿತವಾಗಿ ಬೀಳುವುದು ಅದಕ್ಕೇ ಇರಬೇಕು.

ಆ ಸಮಾಧಾನವನ್ನು ನಮ್ಮ ಮನೆಗಳ ಹೆಂಗಸರು ಕೈಯಾರೆ ಮಾಡಿಕೊಳ್ಳುತ್ತಾರೆ. ಮುಡಿಪು ಕಟ್ಟುತ್ತಾರೆ. ಒಂದು ತುಂಡು ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಬೇಕು. ಅದರಲ್ಲಿ ಒಂದು ನಾಣ್ಯ, ನಾಲ್ಕು ಕಾಳು ಅಕ್ಷತೆ. ತಿರುಪತಿ ತಿಮ್ಮಪ್ಪನೋ, ಧರ್ಮಸ್ಥಳದ ಮಂಜುನಾಥನೋ, ಮಲೆಯ ಮಾದಪ್ಪನೋ, ಆ ಮನೆ ನಂಬಿದ ದೇವರ ಹೆಸರು ಹೇಳಿ ಗಂಟು ಬಿಗಿಯಬೇಕು. ಗಂಟು ಬಿಗಿಯುವ ಹೊತ್ತಿನಲ್ಲಿ ಅವರ ಮುಖವನ್ನು ನೋಡಬೇಕು. ಅಲ್ಲಿಯವರೆಗೆ ಯಾರ ಹತ್ತಿರವೂ ಆಡದಿದ್ದ ಮಾತನ್ನು ತುಟಿ ಅಲುಗಿಸಿ ಹೇಳಿರುತ್ತಾರೆ. ಗಂಡನ ಕಾಯಿಲೆ, ಮಗಳ ಮದುವೆ, ಬ್ಯಾಂಕಿನ ಸಾಲ, ಕೈಕೊಟ್ಟ ಮಳೆ. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ಒಲೆ ಹಚ್ಚುತ್ತಾರೆ.

ನನಗೆ ಮುಖ್ಯವಾಗಿ ಕಾಣುವುದು ಆ ಎದ್ದು ನಿಲ್ಲುವಿಕೆ. ದೇವರನ್ನು ನಂಬಿದರೆ ಕೈಕಟ್ಟಿ ಕೂತಂತೆ ಎನ್ನುವವರು ಮುಡಿಪು ಕಟ್ಟಿದವರನ್ನು ಹತ್ತಿರದಿಂದ ಕಂಡಿರಲಾರರು. ಅವರು ಗುಳಿಗೆ ತಪ್ಪಿಸುವುದಿಲ್ಲ, ಗಂಟೆಗೊಮ್ಮೆ ಡಾಕ್ಟರನ್ನು ವಿಚಾರಿಸುವುದನ್ನು ಬಿಡುವುದಿಲ್ಲ. ತಮ್ಮ ಕೈಮೀರಿದ್ದನ್ನು ಮಾತ್ರ ಅವನ ಮೇಲೆ ಹಾಕಿ, ಕೈಯಲ್ಲಿರುವುದನ್ನು ತಾವು ಮಾಡುತ್ತಾರೆ. ಎರಡನ್ನೂ ಒಂದೇ ತಲೆಯ ಮೇಲೆ ಹೊತ್ತವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆಯಿಲ್ಲದವರು ಬೆಳಗ್ಗೆ ಇನ್ನೊಬ್ಬರನ್ನು ನೋಡಿಕೊಳ್ಳುವುದು ಹೇಗೆ?

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ದೇವಸ್ಥಾನಗಳೇ ಬಾಗಿಲು ಹಾಕಿದವು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು ಜೂನ್ 8ಕ್ಕೆ. ದರ್ಶನವಿಲ್ಲ, ತೀರ್ಥವಿಲ್ಲ, ಪಕ್ಕದ ಬೀದಿಯ ಆಂಜನೇಯನ ಗುಡಿಗೂ ಹೋಗುವಂತಿಲ್ಲ. ಆ ದಿನಗಳಲ್ಲೂ ದೇವರ ಗೂಡುಗಳಲ್ಲಿ ಹಳದಿ ಗಂಟುಗಳು ಸೇರುತ್ತಲೇ ಇದ್ದವು. ಗುಡಿಯ ಬಾಗಿಲು ಮುಚ್ಚಿದ್ದರೂ ಮುಡಿಪಿಗೆ ತಡೆಯಿರಲಿಲ್ಲ.

ಹಾಗಿದ್ದರೆ ಬೇಡಿದ್ದು ಕೈಗೂಡದಿದ್ದಾಗ? ಈ ಪ್ರಶ್ನೆಯನ್ನು ಬದಿಗೆ ಸರಿಸಿ ನಂಬಿಕೆಯ ಮಾತಾಡುವುದು ಸರಿಯಲ್ಲ. ನಮ್ಮ ದೊಡ್ಡಮ್ಮ ದೊಡ್ಡಪ್ಪನಿಗಾಗಿ ತಿಮ್ಮಪ್ಪನಿಗೆ ಮುಡಿಪು ಕಟ್ಟಿದ್ದರು. ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು, ಉಪ್ಪು ಕಮ್ಮಿ ಮಾಡಿ ಬೇಯಿಸುವುದು, ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡುವುದು, ಎಲ್ಲ ಅವರದೇ. ದೊಡ್ಡಪ್ಪ ಉಳಿಯಲಿಲ್ಲ. ವರ್ಷಾಬ್ದಿಕ ಮುಗಿದ ಮೇಲೆ ದೊಡ್ಡಮ್ಮ ತಿರುಪತಿಗೆ ಹೊರಟು ನಿಂತರು. ಮಗನಿಗೆ ಸಿಟ್ಟು ಬಂತು. "ಏನು ಕೊಟ್ಟ ಅಂತಮ್ಮಾ ಅವನಿಗೆ ಕಾಣಿಕೆ?" ಎಂದ.

ದೊಡ್ಡಮ್ಮ ಸೀರೆ ಮಡಿಸುತ್ತಲೇ ಹೇಳಿದರು: "ಕೊಡ್ತೀನಿ ಅಂದಿದ್ದು ನಾನು ಕಣೋ. ಅವನೇನು ಮಾತು ಕೊಟ್ಟಿರಲಿಲ್ಲ. ನಿಮ್ಮಪ್ಪ ನರಳೋವಾಗ ಪಕ್ಕದಲ್ಲಿ ಅಳದೆ ಕೂತಿದ್ದೆನಲ್ಲ, ಆ ಗಟ್ಟಿತನ ನನ್ನದು ಅಂದ್ಕೊಂಡಿದೀಯಾ?"

ಮಗ ಮತ್ತೆ ಮಾತಾಡಲಿಲ್ಲ. ಟಿಕೆಟ್ಟು ಮಾಡಿಸಿ ತಾನೂ ಜೊತೆಗೆ ಹೊರಟ, ನನ್ನನ್ನೂ ಕರೆದ. ಅಲಿಪಿರಿಯಿಂದ ಮೆಟ್ಟಿಲು ಹತ್ತುವುದು ದೊಡ್ಡಮ್ಮನ ಮಂಡಿಗೆ ಆಗದ ಮಾತು, ಬಸ್ಸಿನಲ್ಲೇ ಬೆಟ್ಟ ಏರಿದೆವು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು, ಎದುರಿಗೆ ಬಂದಾಗ ಸಿಕ್ಕಿದ್ದು ಅರೆಗಳಿಗೆ. ಆ ಅರೆಗಳಿಗೆಯಲ್ಲಿ ಏನು ಕೇಳಿಕೊಂಡಿರೆಂದು ಕೇಳಿದೆ. "ಕೇಳೋಕೇನೂ ಇರಲಿಲ್ಲ. ಇಷ್ಟು ದಿನ ಜೊತೇಲಿದ್ದೆ, ಇನ್ನು ಮುಂದೂ ಇರು ಅಂದೆ" ಎಂದರು. ಹುಂಡಿಗೆ ಮುಡಿಪು ಹಾಕಿ ಬಂದವರು ಲಾಡು ಕೌಂಟರಿನ ಸಾಲಿನಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು: ವಾರ್ಡಿನ ಆಯಾಗೆ ಒಂದು, ಸೂಜಿ ಚುಚ್ಚುವಾಗ ದೊಡ್ಡಪ್ಪನನ್ನು ಮಾತಾಡಿಸುತ್ತಿದ್ದ ನರ್ಸಮ್ಮನಿಗೆ ಒಂದು, ಸರಿರಾತ್ರಿ ಕರೆದರೂ ಬರುತ್ತಿದ್ದ ಆಟೋದವನಿಗೆ ಒಂದು, ಅವನ ಮನೆಯಲ್ಲಿ ಮಕ್ಕಳಿದ್ದಾವೆ, ಅವನಿಗೆ ಎರಡೇ ಇರಲಿ.