ಮನೆಯೊಳಗೊಂದು ಮನೆ

ವ್ಯಾಕರಣವನ್ನು ಓದಿ, ಅದನ್ನೇ ಓದಿಸಿ ಕಾಲ ಕಳೆದ ನನ್ನಂಥವನು ಗಣಕಯಂತ್ರವನ್ನು ಕುರಿತು ಬರೆಯಹೊರಟರೆ ಸಹೋದ್ಯೋಗಿಗಳು ನಕ್ಕಾರು. ಸ್ವಾನುಭವವನ್ನೇ ಬರೆಯಿರೆಂದು ಸಂಪಾದಕರು ಆಗ್ರಹಪಡಿಸಿದ್ದರಿಂದ ಈ ಸಾಹಸ.

ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನನ್ನ ಗುರುಗಳು ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಹೇಳುತ್ತ ಬರೆಯಿಸಿದ ಟಿಪ್ಪಣಿಗಳು ಮೂರು ನೋಟುಪುಸ್ತಕಗಳಷ್ಟಿದ್ದವು. ಸಾಣಾಪುರಕ್ಕೆ ಬಂದ ಮೇಲೆ ಅವನ್ನು ಗಣಕದಲ್ಲಿ ಬೆರಳಚ್ಚು ಮಾಡಿಟ್ಟೆ. ಬಳಿಕ ಪುಸ್ತಕಗಳನ್ನು ಗೆದ್ದಲು ತಿಂದಿತು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟ ತಪ್ಪು ನನ್ನದೇ. ಗುರುಗಳೂ ಇಲ್ಲವಾದರು. ಉಳಿದದ್ದು ಆ ಕಡತವೊಂದೇ. 2021ರಲ್ಲಿ ಅದನ್ನು ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಳೆಯ ಫಾಂಟುಗಳು ಇಂಗ್ಲಿಷಿನ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಹೋದೊಡನೆ ವೇಷ ಕಳಚಿತ್ತು.

ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಅಭಯವಿತ್ತನು. ಇಂಥ ಬರೆಹವನ್ನು ಯೂನಿಕೋಡಿಗೆ ತಿರುಗಿಸುವ ಉಪಕರಣ ಅವನಲ್ಲಿತ್ತು, ಆದರೆ ಅದು ನಡೆಯುವುದು ಲಿನಕ್ಸ್ ವ್ಯವಸ್ಥೆಯಲ್ಲಿ. ಶಾಲೆಯ ಯಂತ್ರದಲ್ಲಿದ್ದುದು ವಿಂಡೋಸ್ 10. ಶುಲ್ಕದ ಲೆಕ್ಕವೆಲ್ಲ ಅದರಲ್ಲಿದ್ದುದರಿಂದ ಗುಮಾಸ್ತರು ಅದನ್ನು ತೆಗೆಯಗೊಡಲಿಲ್ಲ. ಅವರ ಭಯ ನ್ಯಾಯವಾದದ್ದೇ. ವಿಂಡೋಸಿನ ಒಳಗೇ ಲಿನಕ್ಸನ್ನು ನೆಲೆಗೊಳಿಸಲು 2016ರಿಂದ ಎಡೆಯಿದೆಯೆಂದು ಶಿಷ್ಯನು ತಿಳಿಸಿ, ಉಬುಂಟುವನ್ನು ತಂದಿಳಿಸಿದನು. ಆದರೆ ಆ ಅತಿಥಿಗೆ ಇದ್ದದ್ದು ಆಜ್ಞೆಗಳನ್ನು ಬರೆಯುವ ಕಪ್ಪು ಕಿಟಕಿ ಮಾತ್ರ. ಅದರಲ್ಲಿ ಒತ್ತಕ್ಷರಗಳು ಮೂಲಾಕ್ಷರದಡಿ ನಿಲ್ಲದೆ ಚದುರಿದ್ದವು. ತಿದ್ದುವುದೆಂತು? ಪೂರ್ಣ ಡೆಸ್ಕ್‌ಟಾಪೇ ಬೇಕಾಯಿತು.

ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪನ್ನೂ ಎಕ್ಸ್‌ಆರ್‌ಡಿಪಿ ಎಂಬ ದ್ವಾರಪಾಲಕನನ್ನೂ ಲಿನಕ್ಸಿನಲ್ಲಿ ಸ್ಥಾಪಿಸಿದೆವು. ದೂರದ ಯಂತ್ರಗಳನ್ನು ಕಾಣಲೆಂದು ವಿಂಡೋಸಿನಲ್ಲಿರುವ ರಿಮೋಟ್ ಡೆಸ್ಕ್‌ಟಾಪಿನಿಂದ ಒಡಲೊಳಗಿನ ಲಿನಕ್ಸನ್ನೇ ಕರೆಯುವುದು! ನಮ್ಮೂರ ಕೆರೆಯ ಹರಿಗೋಲು ಪ್ರವಾಸಿಗರನ್ನು ಒಂದು ಸುತ್ತು ತಿರುಗಿಸಿ ಹೊರಟ ದಡಕ್ಕೇ ತರುವಂತೆ, ಇಲ್ಲಿಯೂ ಪ್ರಯಾಣವೆಲ್ಲ ಒಂದೇ ಪೆಟ್ಟಿಗೆಯೊಳಗೆ. ವಿಂಡೋಸಿನ ಬಾಗಿಲು 3389. ತಿಕ್ಕಾಟವಾಗದಂತೆ ಲಿನಕ್ಸಿಗೆ 3390ನ್ನು ಕೊಟ್ಟೆವು.

ಮೊದಲ ದಿನ ಗುಪ್ತಪದವನ್ನು ಕೊಟ್ಟೊಡನೆ ಕಿಟಕಿ ಮಿಂಚಿ ಮಾಯವಾಯಿತು. ಯಾವ ಡೆಸ್ಕ್‌ಟಾಪನ್ನು ತೆರೆಯಬೇಕೆಂಬ ಒಂದು ಸಾಲನ್ನು ಬರೆದಿಡಲು ನಾವು ಮರೆತಿದ್ದೆವು. ಅದು ಸರಿಹೋದರೆ ಕನ್ನಡವೆಲ್ಲ ಚೌಕಾಕಾರದ ಪೆಟ್ಟಿಗೆಗಳು. ಲೋಹಿತ್ ಕನ್ನಡ ಫಾಂಟನ್ನು ಹಾಕಿದ ಮೇಲೆ ಅಕ್ಷರಗಳು ಮೂಡಿದವು. ಗುರುಗಳ ಮಾತು ಪರದೆಯ ಮೇಲೆ ಬಂದಾಗ ನಾನು ಸ್ವಲ್ಪ ಹೊತ್ತು ಏನನ್ನೂ ಓದಲಾರದೆ ಕುಳಿತೆ.

ಆದರೆ ‘ವರ್ಣ’ ಎಂಬ ಪದ ಎಲ್ಲೆಡೆ ‘ವಣ೯’ ಆಗಿತ್ತು. ಬೆರಳಚ್ಚುಯಂತ್ರದ ಅಭ್ಯಾಸಬಲದಿಂದ ನಾನು ಅರ್ಕಾವತ್ತಿಗೆ ಬದಲು ಒಂಬತ್ತರ ಅಂಕಿಯನ್ನೇ ಒತ್ತಿದ್ದೆ. ಕಣ್ಣಿಗೆ ಭೇದವಿಲ್ಲ, ಗಣಕಕ್ಕೆ ಅದು ಅಂಕಿಯೇ. ಯೂನಿಕೋಡಾದರೋ ರಕಾರವನ್ನು ಮೊದಲಿಟ್ಟು, ಹಲಂತ ಸೇರಿಸಿ, ಬಳಿಕ ಣಕಾರವನ್ನು ಇಡುತ್ತದೆ. ಅಂದರೆ ಉಚ್ಚಾರಣೆಯ ಕ್ರಮ. ಬರೆಹದಲ್ಲಿ ಹಿಂದೆ ನಿಂತ ರೇಫೆಯು ಶ್ರುತಿಯಲ್ಲಿ ಮುಂದೆ ಎಂದು ಗುರುಗಳು ಬರೆಯಿಸಿದ್ದ ಟಿಪ್ಪಣಿಯೂ ಆ ಕಡತದಲ್ಲಿಯೇ ಇತ್ತು, ‘ರೇಫೆ’ಯೊಂದೇ ತಪ್ಪಿಲ್ಲದೆ.

ಈಚಿನ ವಿಂಡೋಸಿನಲ್ಲಿ ಈ ಬಳಸುದಾರಿಯಿಲ್ಲದೆಯೂ ಲಿನಕ್ಸಿನ ಕಿಟಕಿಗಳು ತೆರೆದುಕೊಳ್ಳುತ್ತವೆಂದು ಶಿಷ್ಯನು ಹೇಳುತ್ತಾನೆ. ಇರಲಿ. ಎಂಟು ತಿಂಗಳ ಸಂಜೆಗಳಲ್ಲಿ ಗುಮಾಸ್ತರು ಎದ್ದುಹೋದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ತಿದ್ದಿ ಮುಗಿಸಿದೆ. ಮುದ್ರಿತ ಪ್ರತಿಯೊಂದನ್ನು ಶಾಲೆಯ ಗ್ರಂಥಾಲಯದಲ್ಲಿ ಇರಿಸಿದ್ದೇನೆ, ಕಪಾಟಿನ ಮೇಲಿನ ಅರೆಯಲ್ಲಿ.